ಅತ್ತೆಯ ಗುಳ್ಳ ಮತ್ತು ವಿಮಾನದಲ್ಲಿ ಬಂದ ದುಂಬಿ

ನಮ್ಮ ಬಳಗದಲ್ಲಿ ಈ ಕತೆ ಹೇಳುವ ಕ್ರಮ ಒಂದೇ. ಬಹ್ರೈನಿನ ಅತ್ತೆಯ ತೋಟದಲ್ಲಿ ಗುಳ್ಳ ಕಾಯಿ ಕಚ್ಚುತ್ತಿರಲಿಲ್ಲ. ಒಂದು ಶುಕ್ರವಾರ ಎಲ್ಲರೂ ಟೊಮೆಟೊ ಬೆಳೆಯುವ ಗ್ರೀನ್‌ಹೌಸ್ ನೋಡಲು ಹೋದೆವು. ಬರುವಾಗ ಅಲ್ಲಿನ ಒಂದು ದುಂಬಿ ಅತ್ತೆಯ ಮುಡಿಯ ಮಲ್ಲಿಗೆಯಲ್ಲಿ ಕೂತು, ಕಾರಿನಲ್ಲೇ ಅವಾಲಿಯ ಅವರ ಮನೆಗೆ ಬಂದು, ತೋಟಕ್ಕಿಳಿಯಿತು. ಗುಳ್ಳ ಬಿಟ್ಟಿತು. ಕೇಳಿದವರು "ಅಬ್ಬಾ!" ಅನ್ನುತ್ತಾರೆ. ಹೇಳಿದವರು ಊಟದೆಲೆಗೆ ಇನ್ನೊಂದು ಸಲ ಬಡಿಸಿಕೊಳ್ಳುತ್ತಾರೆ.

ನನ್ನದು ಆಕ್ಷೇಪ. ಆ ದುಂಬಿಯನ್ನು ಕಣ್ಣಾರೆ ಕಂಡವರು ಯಾರು? ಯಾರೂ ಇಲ್ಲ. ಅತ್ತೆ "ಗುಂಯ್ ಅಂತ ಕೇಳಿದ್ದೇನೆ" ಅನ್ನುತ್ತಾರೆ. ಮಾವನ ಹಳೆಯ ಕಾರಿನಲ್ಲಿ ಎ.ಸಿ. ಹಾಕಿದರೆ ಅದು ಗುಂಯ್ ಅನ್ನದೆ ಮತ್ತೇನು ಅಂದೀತು? ಇನ್ನು ಆ ಮಲ್ಲಿಗೆ. ಮೊದಲ ವರ್ಷ ಹೇಳಿದಾಗ ದುಂಬಿ ಕಾರಿನ ಹಿಂದಿನ ಗಾಜಿನ ಹತ್ತಿರ ಇತ್ತು. ಎರಡನೆಯ ವರ್ಷ ಸೀರೆಯ ಸೆರಗಿಗೆ ಬಂತು. ಮುಡಿಗೆ ಏರಿದ್ದು ಉಡುಪಿಯಲ್ಲಿ ನಡೆದ ಯಾರದೋ ಮದುವೆಯ ಪಂಕ್ತಿಯಲ್ಲಿ. ಇನ್ನೆರಡು ಮದುವೆ ಕಳೆದರೆ ಅದು ಪಾಸ್‌ಪೋರ್ಟ್ ಹಿಡಿದುಕೊಂಡು ಬರುತ್ತದೆ.

ಇಷ್ಟೆಲ್ಲ ಹೇಳುವ ಅಧಿಕಾರ ನನಗಿದೆ. ಆ ಪ್ರಕರಣದಲ್ಲಿ ನ್ಯಾಯಾಧೀಶೆಯಾಗಿದ್ದವಳು ನಾನೇ.

ಆಗ ನಾನು ಈಸಾ ಟೌನಿನ ಶಾಲೆಯೊಂದರಲ್ಲಿ ಪ್ಲಸ್ ಟೂ ಓದುತ್ತಿದ್ದೆ, ಶಾಲೆಯ ಡಿಬೇಟ್ ತಂಡದಲ್ಲಿದ್ದೆ. ಯಾವ ಮಾತು ಕೇಳಿದರೂ "ಆಧಾರ ಏನು?" ಅನ್ನುವುದು ಬಾಯಿಗೆ ಅಂಟಿಕೊಂಡಿತ್ತು. ಅಮ್ಮ "ಸಾರಿಗೆ ಉಪ್ಪು ಸರಿ ಉಂಟಾ" ಅಂತ ಕೇಳಿದರೂ ಪರ-ವಿರೋಧ ಎರಡೂ ಹೇಳುತ್ತಿದ್ದೆ. ನಮ್ಮ ಮನೆ ಪೇಟೆಯ ನಡುವೆ, ಹೂರಾದ ಒಂದು ಫ್ಲ್ಯಾಟಿನಲ್ಲಿ. ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಅವಾಲಿಯಲ್ಲಿ; ಮಾವ ತೈಲ ಕಂಪನಿಯ ಇಂಜಿನಿಯರ್, ಕಂಪನಿಯದೇ ಮನೆ. ಹೂರಾದಲ್ಲಿ ನಮಗೆ ಬಟ್ಟೆ ಒಣಗಿಸಲಿಕ್ಕೂ ಜಾಗ ಇರಲಿಲ್ಲ. ಅತ್ತೆಗೆ ಮನೆಯ ಪಕ್ಕದಲ್ಲೇ ಒಂದು ತುಂಡು ಅಂಗಳ. ವಾರದ ರಜೆಗೆ ನಾನು ಅಲ್ಲಿಗೆ ಓಡುತ್ತಿದ್ದದ್ದು ಅತ್ತೆಯ ಅಡುಗೆಗೆ ಮತ್ತು ಅವರಿಬ್ಬರ ಜಗಳಕ್ಕೆ. ಎರಡೂ ರುಚಿಯಾಗಿರುತ್ತಿದ್ದವು.

ಜಗಳದ ವಿಷಯ ಆ ಅಂಗಳವೇ. ಅತ್ತೆ ಅಲ್ಲಿ ಗುಳ್ಳದ ಗಿಡ ಹಾಕಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಗುಳ್ಳ ಅಂದರೆ ನಮ್ಮ ಉಡುಪಿ ಕಡೆಯ ಗುಂಡು ಬದನೆ. ತಿಳಿ ಹಸಿರು ಬಣ್ಣ, ತೊಟ್ಟಿನಲ್ಲಿ ಮುಳ್ಳು, ಬೇಯಿಸಿದರೆ ಬೆಣ್ಣೆ. ಹೂರಾದ ಅಂಗಡಿಗೆ ವಾರಕ್ಕೊಮ್ಮೆ ವಿಮಾನದಲ್ಲಿ ಬರುತ್ತಿತ್ತು, ನಾಲ್ಕು ದಿನ ಪೆಟ್ಟಿಗೆಯಲ್ಲಿ ಬಾಡಿದ್ದು. ಅತ್ತೆಗೆ ಅದು ಬೇಡ. ಮದುವೆಯಾಗಿ ಇಲ್ಲಿಗೆ ಬರುವಾಗ ಹೈಸ್ಕೂಲಿನ ಟೀಚರ್ ಕೆಲಸ ಬಿಟ್ಟು ಬಂದವರು. ಇಲ್ಲಿ ಮನೆ ಕಂಪನಿಯದು, ಕಾರು ಮಾವನದು, ವೀಸಾ ಕೂಡ ಮಾವನ ಹೆಸರಿನ ಬಾಲ. "ಈ ಮಣ್ಣೊಂದು ನಂದು," ಅನ್ನುತ್ತಿದ್ದರು. ಮಣ್ಣೂ ಕಂಪನಿಯದೇ ಅಂತ ನಾನು ಒಮ್ಮೆ ಹೇಳಿದ್ದಕ್ಕೆ ಆ ಮಧ್ಯಾಹ್ನ ನನಗೆ ಹಪ್ಪಳ ಸಿಗಲಿಲ್ಲ.

ಮೊದಲ ಚಳಿಗಾಲ ಗಿಡಗಳನ್ನು ಬುಲ್ಬುಲ್ ಹಕ್ಕಿ ಕುಕ್ಕಿತು, ಉಳಿದದ್ದನ್ನು ಶಮಾಲ್ ಗಾಳಿ ಮರಳು ತೂರಿ ಮುಗಿಸಿತು. ಅತ್ತೆ ಬಿಡುವವರೇ? ಊರಿನಿಂದ ಸೊಳ್ಳೆಪರದೆಗಳನ್ನು ತರಿಸಿ, ಒಂದಕ್ಕೊಂದು ಹೊಲಿದು, ಪೈಪು ನೆಟ್ಟು, ಇಡೀ ಪಾತಿಯ ಮೇಲೆ ಮದುವೆ ಚಪ್ಪರದ ಹಾಗೆ ಇಳಿಬಿಟ್ಟರು. ಅಂಚಿಗೆ ಇಟ್ಟಿಗೆ. ಇರುವೆ ಒಳಗೆ ಹೋಗಬೇಕಾದರೂ ಅಪ್ಪಣೆ ಬೇಕು. ಆಮೇಲೆ ನೋಡಿ, ಗಿಡ ಸೊಂಟದೆತ್ತರ ಬಂತು, ಮೈತುಂಬ ನೇರಳೆ ಹೂವು. ನಾಲ್ಕು ದಿನಕ್ಕೆ ಹೂವು ತೊಟ್ಟು ಕಳಚಿ ಕೆಳಗೆ. ಮುಂದಿನ ವರ್ಷವೂ ಹಾಗೇ. ಅದರ ಮುಂದಿನ ವರ್ಷವೂ.

"ಹೂ ಉದುರಿಸುದಕ್ಕೆ ಇಷ್ಟು ನೀರು ಯಾಕೆ? ಪಾರಿಜಾತ ನೆಟ್ಟಿದ್ರೆ ಆಗ್ತಿತ್ತಲ್ಲ," ಎಂದರು ಮಾವ.

"ನಿಮ್ಮ ಕಣ್ಣು ತಾಗಿಯೇ ಉದುರುದು ಮಾರಾಯ್ರೆ."

ಮಾವನ ಕಣ್ಣು ಆ ಜಾಗದ ಮೇಲೆ ಇದ್ದದ್ದು ಸುಳ್ಳಲ್ಲ. ಮನೆಗೆ ಎರಡು ಕಾರು, ನೆರಳಿನ ಚಪ್ಪರ ಒಂದಕ್ಕೆ ಮಾತ್ರ. ಹೊಸದಾಗಿ ತೆಗೆದುಕೊಂಡ ದೊಡ್ಡ ಗಾಡಿ ಬಿಸಿಲಿನಲ್ಲಿ ನಿಲ್ಲುತ್ತಿತ್ತು. ಬೇಸಗೆಯಲ್ಲಿ ಅದರ ಸ್ಟೀರಿಂಗ್ ಮುಟ್ಟಿದರೆ ಅಂಗೈ ಚುರ್ರ್ ಅನ್ನುತ್ತದೆ. ಮಾವ ಅಡುಗೆಮನೆಯ ಮಸಿಬಟ್ಟೆ ಹಿಡಿದು ಗಾಡಿ ಓಡಿಸುತ್ತಿದ್ದರು. ಪಾತಿ ಕಿತ್ತು, ನೆಲಕ್ಕೆ ಕಲ್ಲು ಹಾಸಿ, ನಾಲ್ಕು ಕಂಬ ನೆಟ್ಟು ಮೇಲೆ ಕ್ಯಾನ್ವಾಸ್ ಎಳೆಯಬೇಕು ಎಂಬುದು ಅವರ ಮಂಡನೆ. ಕಂಬದವನಿಗೆ ಮಾತೂ ಕೊಟ್ಟಾಗಿತ್ತು. ನಿಷ್ಪಕ್ಷಪಾತವಾಗಿ ಹೇಳಬೇಕೆಂದರೆ ಮಾವನ ವಾದ ಬಲವಾಗಿತ್ತು. ಒಂದು ಕಡೆ ನಿಜವಾಗಿ ಸುಡುವ ಸ್ಟೀರಿಂಗ್, ಇನ್ನೊಂದು ಕಡೆ ಮೂರು ವರ್ಷದಿಂದ ಬರದ ಬದನೆಕಾಯಿ.

ಕೊನೆಗೆ ಒಪ್ಪಂದವಾಯಿತು. ಸಂಕ್ರಾಂತಿ ಕಳೆದ ಶುಕ್ರವಾರದ ಊಟದ ಹೊತ್ತಿಗೆ ಗಿಡದಲ್ಲಿ ಮುಷ್ಟಿಗಾತ್ರದ ಒಂದೇ ಒಂದು ಗುಳ್ಳ ಇದ್ದರೂ ಅಂಗಳ ಅತ್ತೆಗೆ, ಖಾಯಂ. ಇಲ್ಲದಿದ್ದರೆ ಶನಿವಾರ ಕಂಬ. ತೀರ್ಪು ನನ್ನದು. ಇಬ್ಬರಿಗೂ ನಾನು ತಮ್ಮ ಕಡೆಯವಳು ಅಂತ ಖಾತ್ರಿ ಇತ್ತು, ಅದಕ್ಕೇ ಇಬ್ಬರೂ ಒಪ್ಪಿದರು.

ಕಾಯಿ ಯಾಕೆ ಕಚ್ಚುವುದಿಲ್ಲ ಎಂಬುದಕ್ಕೆ ಆಗ ಹಲವು ಸಿದ್ಧಾಂತಗಳಿದ್ದವು. ನೀರು ಉಪ್ಪು ಅಂತ ಅಪ್ಪ. ಬೀಜ ಹಳತು ಅಂತ ಅಂಗಡಿಯವರು. ಹುಳುಗಳು ಬರುವುದಿಲ್ಲವಲ್ಲ ಅಂತ ಅಮ್ಮ ಒಮ್ಮೆ ಮೆಲ್ಲಗೆ ಹೇಳಿದಾಗ ಅದನ್ನು ತಳ್ಳಿಹಾಕಿದ್ದು ನಾನೇ. "ಬದನೆ ಹೂವಿನಲ್ಲಿ ಗಂಡು ಭಾಗ, ಹೆಣ್ಣು ಭಾಗ ಎರಡೂ ಒಂದರಲ್ಲೇ ಇರುತ್ತವೆ ಅಮ್ಮ. ಪುಸ್ತಕದಲ್ಲಿದೆ. ಅದಕ್ಕೆ ದಲ್ಲಾಳಿ ಬೇಡ." ಅಮ್ಮ ಒಗೆದ ಬಟ್ಟೆ ಮಡಚಲು ಎದ್ದರು. ಡಿಬೇಟಿನಲ್ಲಿ ಇದನ್ನು ಗೆಲುವು ಅನ್ನುತ್ತಾರೆ.

ಗ್ರೀನ್‌ಹೌಸಿಗೆ ನಮ್ಮನ್ನು ಕರೆದವರು ಮಾವನ ಗೆಳೆಯರು, ನಾನು ದಾವಣಗೆರೆ ಅಂಕಲ್ ಅನ್ನುತ್ತಿದ್ದವರು. ಅಲ್ಲಿ ತಂಪು ಮಾಡುವ ಯಂತ್ರಗಳ ಉಸ್ತುವಾರಿ ಅವರದು. ದ್ವೀಪದ ಉತ್ತರಕ್ಕೆ, ಖರ್ಜೂರದ ತೋಟಗಳ ನಡುವೆ ಉದ್ದನೆಯ ಪ್ಲಾಸ್ಟಿಕ್ ಮನೆ. ಎರಡೆರಡು ಬಾಗಿಲು, ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯಬೇಕು. ಒಳಗೆ ಹೋದರೆ ಬೆಂಗಳೂರಿನ ಡಿಸೆಂಬರ್. ಟೊಮೆಟೊ ಬಳ್ಳಿಗಳು ಹಗ್ಗ ಹಿಡಿದು ಸೂರಿನವರೆಗೆ ಹತ್ತಿದ್ದವು. ನಡುವೆ ಅಲ್ಲಲ್ಲಿ ಕಂಬಕ್ಕೆ ಕಟ್ಟಿದ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಗೊಂದು ತೂತು, ತೂತಿನಿಂದ ಹೊರಗೆ ಬರುತ್ತಿದ್ದ ಜೀವ ನೋಡಿ ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು.

ದುಂಬಿ. ಕನ್ನಡ ಪದ್ಯಗಳಲ್ಲಿ ತಾವರೆಯ ಮೇಲೆ ಮೈಮರೆತು ಬಿದ್ದಿರುವ ದುಂಬಿಯನ್ನು ಅತ್ತೆ ಮಕ್ಕಳಿಗೆ ವರ್ಷಗಟ್ಟಲೆ ಪಾಠ ಮಾಡಿದ್ದರು. ನಮ್ಮೂರಿನ ಅಟ್ಟದ ಮರ ಕೊರೆಯುವ ಕಪ್ಪು ದುಂಬಿ ನಾನೂ ನೋಡಿದ್ದೆ. ಇದು ಬೇರೆ ಜಾತಿ. ಉಣ್ಣೆಯ ಸ್ವೆಟರ್ ಹಾಕಿದ ಹಾಗೆ ಮೈತುಂಬ ಕೂದಲು, ಹಳದಿ ಪಟ್ಟಿ, ಹಿಂಭಾಗ ಬಿಳಿ. ಹಾರುವುದನ್ನು ನೋಡಿದರೆ ತುಂಬಿದ ಬಸ್ಸು ಘಟ್ಟ ಹತ್ತಿದ ಹಾಗೆ.

"ಇವು ಎಲ್ಲಿಂದ ಬರ್ತಾವ ಗೊತ್ತೈತೇನ್ರೀ?" ಅಂಕಲ್ ಎದೆಯುಬ್ಬಿಸಿ ಕೇಳಿದರು, ತಾವೇ ಹೆತ್ತ ಹಾಗೆ. "ಯುರೋಪಿಂದ. ವಿಮಾನದಾಗ. ರಾಣಿ ಸಮೇತ."

"ಸಿಪಿಆರ್ ಕಾರ್ಡ್ ಆಗಿದೆಯಾ ಇವಕ್ಕೆ?" ಎಂದರು ಮಾವ. ಇಲ್ಲಿ ಗುರುತಿನ ಆ ಕಾರ್ಡ್ ಇಲ್ಲದೆ ಸಿಮ್ ಕೂಡ ಸಿಗುವುದಿಲ್ಲ.

"ಎಲ್ಲಿದ್ರೀ, ವಿಸಿಟ್ ವೀಸಾ! ಎರಡು ತಿಂಗಳಾಗ ಮುಗೀತು, ಮತ್ತ ಹೊಸಾ ಡಬ್ಬಿ. ಊಟ ವಸತಿ ಕಂಪನೀದ. ಟೊಮೆಟೊ ಹೂವಿನಾಗ ಜೇನಿರಂಗಿಲ್ಲ ನೋಡ್ರಿ, ಅದಕ್ಕ ಡಬ್ಬಿ ತಳದಾಗ ಸಕ್ಕರಿ ಪಾಕ. ಮತ್ತ ಬಿಸಿಲು ಜಾಸ್ತಿ ಆತಂದ್ರ ಕೆಲಸಕ್ಕ ಹೊರಗ ಬರಂಗಿಲ್ಲ, ಗೂಡಿಗೆ ರೆಕ್ಕಿಲೆ ಗಾಳಿ ಬೀಸ್ಕೋತ ನಿಲ್ತಾವ. ಬ್ಯಾಸಗಿ ಮಧ್ಯಾಹ್ನ ಹೊರಗ ಕೆಲಸ ಬಂದ್ ಅಂತ ಸರ್ಕಾರ ಮಾಡೇತಲ್ಲ, ಇವು ಅದಕ್ಕೂ ಮುಂಚೇನೇ ಮಾಡ್ಕಂಡಾವ."

"ಕೆಲಸ ಮಾಡುದು ಗಂಡಾ ಹೆಣ್ಣಾ?" ಅತ್ತೆ ಕೇಳಿದರು.

"ಎಲ್ಲಾ ಹೆಣ್ಣು ರೀ. ಗಂಡುಹುಳ ಕೆಲಸ ಮಾಡಂಗಿಲ್ಲ."

ಅತ್ತೆ ಮಾವನನ್ನು ಒಮ್ಮೆ ನೋಡಿದರು, ಅಷ್ಟೇ.

ನಾನು ಸುಮ್ಮನಿರುವುದುಂಟೇ? ನನ್ನ ಪುಸ್ತಕದ ವಾದ ಇಟ್ಟೆ. ಗಂಡು ಹೆಣ್ಣು ಎರಡೂ ಒಂದೇ ಹೂವಿನಲ್ಲಿರುವಾಗ ದುಂಬಿಗೆ ಇಷ್ಟು ಖರ್ಚು ಯಾಕೆ, ಹೆಸರಿಗೆ ಮಾತ್ರ ಅಲ್ವಾ ಅಂಕಲ್?

"ಉಪ್ಪಿನ ಡಬ್ಬಿ ಊಟದ ಮೇಜಿನ ಮ್ಯಾಲೇ ಇರತೈತಿ," ಎಂದರು ಅಂಕಲ್. "ಅಲ್ಲಾಡಿಸ್ಲಿಲ್ಲಂದ್ರ ಸಾರಿಗೆ ಉಪ್ಪು ಬೀಳತೈತೇನವ್ವ?"

ಆಮೇಲೆ ಒಂದು ಹೂವಿನ ಹತ್ತಿರ ನನ್ನ ಕಿವಿ ತರಿಸಿದರು. ಟೊಮೆಟೊ ಹೂವಿನ ನಡುವೆ ಹಳದಿಯ ಸಣ್ಣ ಕೊಳವೆ. ಪರಾಗವೆಲ್ಲ ಅದರ ಒಳಗೆ ಬಂದಿ. ದುಂಬಿ ಬಂದು ಆ ಕೊಳವೆಯನ್ನು ದವಡೆಯಿಂದ ಕಚ್ಚಿ ಹಿಡಿದು ಕೆಳಮುಖವಾಗಿ ಜೋತುಬಿತ್ತು. ರೆಕ್ಕೆ ಮಡಚಿತು. ಅಲ್ಲಿಯವರೆಗೆ ಗುಂಯ್ ಅನ್ನುತ್ತಿದ್ದ ದನಿ ತಟ್ಟನೆ ಏರಿ, ಚಿಕ್ಕ ಡ್ರಿಲ್ ಮೆಷಿನ್ ಗೋಡೆಗೆ ಇಟ್ಟ ಹಾಗೆ ಝೀ ಎಂದಿತು. ರೆಕ್ಕೆ ಅಲುಗದೆ ಮೈ ಮಾತ್ರ ನಡುಗಿತು. ಹೂವಿನಿಂದ ಪುಡಿ ಉದುರಿ ಅದರ ಹೊಟ್ಟೆಯ ಕೂದಲಿಗೆಲ್ಲ ಹಿಟ್ಟು ಮೆತ್ತಿತು. ಇನ್ನೊಂದು ಹೂವಿಗೆ ಹಾರಿತು. ಅದು ಬಿಟ್ಟುಹೋದ ಹೂವನ್ನು ಹಿಡಿದು ನೋಡಿದರೆ ಕೊಳವೆಯ ಮೇಲೆ ಕಂದು ಬಣ್ಣದ ಕಚ್ಚಿದ ಗುರುತು.

"ಇದು ಹಾಜರಿ," ಅಂದರು ಅಂಕಲ್. "ಗುರುತು ಇತ್ತಂದ್ರ ದುಂಬಿ ಬಂದಿತ್ತಂತ. ಇಲ್ಲಂದ್ರ ರಜಾ. ಜೇನುಹುಳಕ್ಕ ಈ ನಡುಕ ಬರಂಗಿಲ್ಲ."

ಆಧಾರ ಕೇಳುವವಳಿಗೆ ಆಧಾರ ಸಿಕ್ಕಿತ್ತು. ಪುಸ್ತಕದ ವಾದವನ್ನು ನಾನು ಅಲ್ಲೇ ವಾಪಸು ತೆಗೆದುಕೊಂಡೆ ಅಂತ ಮಾವ ಈಗಲೂ ಹೇಳುತ್ತಾರೆ. ಅದು ಮಾತ್ರ ನಿಜ.

"ಬದನೆಗೂ ಹೀಗೆಯಾ?" ಅತ್ತೆಯ ದನಿ ಸಣ್ಣದಾಗಿತ್ತು.

"ಬದನಿ ಟೊಮೆಟೊ ಒಂದೇ ಮನಿತನ ರೀ. ಬಯಲಾಗ ಇದ್ರ ಗಾಳಿಗಾದ್ರೂ ಒಂದಿಷ್ಟು ಅಲ್ಲಾಡ್ತಾವ."

ಅತ್ತೆಗೆ ಅಲ್ಲೇ ಗೊತ್ತಾಯಿತು. ನನಗೂ. ಬುಲ್ಬುಲ್, ಮರಳು ಎರಡರಿಂದಲೂ ಕಾಪಾಡಲು ಹೊಲಿದ ಆ ಸೊಳ್ಳೆಪರದೆ ಹೂ ನಡುಗಿಸುವ ಹುಳುಗಳನ್ನೂ ಗಾಳಿಯನ್ನೂ ಹೊರಗೆ ನಿಲ್ಲಿಸಿತ್ತು. ಕರಾವಳಿಯವರು ಮಾತ್ರ ಮಾಡಬಹುದಾದ ತಪ್ಪು ಇದು: ಮಗುವಿಗೂ ಪರದೆ, ಬದನೆಗೂ ಪರದೆ. ತೆಗೆದರೆ ಮೊದಲ ವರ್ಷದ ಗತಿ. ಬಿಟ್ಟರೆ ಸಂಕ್ರಾಂತಿ ಮುಗಿದ ಶನಿವಾರ ಕಂಬ.

"ಒಂದು ಡಬ್ಬಿ ನನಗೆ ಕೊಡಿ," ಎಂದರು ಅತ್ತೆ.

ಸಾಧ್ಯವೇ ಇಲ್ಲವಂತೆ. ಪರದೇಶದ ಹುಳ ಹೊರಗೆ ಬಿಡಬಾರದು, ಅದಕ್ಕೇ ಎರಡು ಬಾಗಿಲು. "ಡಬ್ಬಿ ಬರೋಕಿಂತ ಮುಂಚೆ ಹುಡುಗ್ರು ಬ್ಯಾಟರಿ ಕಡ್ಡಿ ಹಿಡಕೊಂಡು ಒಂದೊಂದೇ ಗೊಂಚಲು ನಡುಗಿಸ್ತಿದ್ರು, ಕೈ ಸೋತು ಹೋಗ್ತಿತ್ತು," ಅಂತ ಅಂಕಲ್ ಮಾತು ತಿರುಗಿಸಿದರು. ಮಾವ ಆ ಕಡ್ಡಿಯ ಬಗ್ಗೆ ಒಂದೆರಡು ಪ್ರಶ್ನೆ ಕೇಳಿದರು: ಎಷ್ಟು ಜೋರು, ಎಷ್ಟು ಹೊತ್ತು. ಇಂಜಿನಿಯರುಗಳು ಯಂತ್ರ ಕಂಡಲ್ಲಿ ಪ್ರಶ್ನೆ ಕೇಳುತ್ತಾರೆ ಅಂತ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಹೊರಡುವಾಗ ಎರಡು ಬಾಗಿಲ ನಡುವೆ ನಿಲ್ಲಿಸಿ ಅಂಕಲ್ ಎಲ್ಲರ ಬೆನ್ನು, ತಲೆ, ಸೆರಗು ನೋಡಿ, ಜೋಳದ ಚೀಲ ಕೊಡವಿದ ಹಾಗೆ ಕೊಡವಿ ಕಳಿಸಿದರು. ದುಂಬಿಯ ಕತೆ ಹೇಳುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ, ಗಮನಿಸಿ. ಕಾರು ಅವಾಲಿಯ ದಾರಿ ಹಿಡಿದಾಗ ಅತ್ತೆ ತಟ್ಟನೆ ಕೈ ಎತ್ತಿದರು.

"ಶ್! ಗುಂಯ್ ಅಂತಿದೆ."

"ಎ.ಸಿ. ಅತ್ತೆ."

"ಎ.ಸಿ.ಯಲ್ಲ ಮಾರಾಯ್ತಿ. ಬಂದಿದೆ. ನನ್ನ ಜೊತೆ ಬಂದಿದೆ."

ಹುಡುಕಲೂ ಬಿಡಲಿಲ್ಲ, ಹೆದರೀತು ಅಂತ. ಮನೆ ತಲುಪಿದ್ದೇ ಸೊಳ್ಳೆಪರದೆಯ ಒಂದು ಮೂಲೆ ಎತ್ತಿ, ಕೈ ಬೀಸಿ, "ಹೋಗು ಮಗಾ" ಅಂತ ಒಳಗೆ ಯಾವುದನ್ನೋ ಕಳಿಸಿಕೊಟ್ಟು ಇಟ್ಟಿಗೆ ಇಟ್ಟರು.

ಮುಂದಿನ ಸಲ ಹೋಗುವಾಗ ನಾನು ಫಿಸಿಕ್ಸ್ ಮಿಸ್ ಹತ್ತಿರ ಕೇಳಿ ಟ್ಯೂನಿಂಗ್ ಫೋರ್ಕ್ ತಂದಿದ್ದೆ. ಎರಡು ಕವಲಿನ ಉಕ್ಕಿನ ಕಡ್ಡಿ. ಮೊಣಕಾಲಿಗೆ ಬಡಿದರೆ ಝುಂ ಎಂದು ನಡುಗುತ್ತದೆ. ಅದನ್ನು ಗುಳ್ಳದ ಹೂವಿನ ತೊಟ್ಟಿಗೆ ತಾಗಿಸಿದೆ. ಸಣ್ಣಗೆ ಹಳದಿ ಹೊಗೆ! ನಾನು ಕಿರುಚಿದ್ದು ಕೇಳಿ ಮಾವ ಓಡಿಬಂದರು.

"ಇದು ಫೌಲ್. ಜಡ್ಜೇ ಬ್ಯಾಟ್ ಹಿಡಿದರೆ ಹೇಗೆ?"

"ಪ್ರಯೋಗ ಮಾವ. ನಾನು ಮುಟ್ಟಿದ ಹೂವಿಗೆಲ್ಲ ಕೆಂಪು ನೂಲು ಕಟ್ಟುತ್ತೇನೆ. ತೀರ್ಪಿಗೆ ನೂಲು ಕಟ್ಟದ ಹೂವಿನ ಕಾಯಿ ಮಾತ್ರ ಲೆಕ್ಕ. ಒಪ್ಪಿಗೆಯಾ?"

ಮಾವ ಒಪ್ಪಿದರು. ಒಪ್ಪಲೇಬೇಕು, ಅವರಿಗೇ ಅನುಕೂಲ. ಅತ್ತೆಯೂ ಅಷ್ಟೇ ಧೈರ್ಯವಾಗಿ ಒಪ್ಪಿದರು: "ನಿನ್ನ ಚಮಚ ಯಾರಿಗೆ ಬೇಕು, ನನ್ನ ದುಂಬಿ ಇದೆ." ಒಳಗೊಳಗೆ ನನಗೆ ಕಸಿವಿಸಿ. ನಾನು ಮಾಡಿದ ನಿಯಮದಿಂದ ಅತ್ತೆ ಸೋಲುವುದು ಖಚಿತವಾಗಿತ್ತು.

ನೂಲಿನ ಹೂವುಗಳು ಕಾಯಿ ಕಚ್ಚಿದವು. ನಾನು ಕುಣಿದೆ. ಅದರ ನಡುವೆ ಅಮ್ಮ ಹೂರಾದ ಮನೆಯ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡರು. ಅತ್ತೆ ಒಂದು ವಾರ ನಮ್ಮಲ್ಲೇ ಬಂದು ಉಳಿದರು. ನನಗೂ ಪರೀಕ್ಷೆ, ಅವಾಲಿಗೆ ಹೋಗಲಾಗಲಿಲ್ಲ. ತೋಟಕ್ಕೆ ನೀರು ಮಾವನ ಪಾಲಿಗೆ. ಅತ್ತೆ ದಿನಾ ಫೋನಿನಲ್ಲಿ "ಬುಡಕ್ಕೆ ಹಾಕಿ, ಎಲೆಗಲ್ಲ" ಅಂತ ಗದರುತ್ತಿದ್ದರು. ಆ ಕಡೆಯಿಂದ "ಹ್ಞೂಂ, ಹ್ಞೂಂ" ಕೇಳಿಸುತ್ತಿತ್ತು.

ವಾಪಸು ಹೋಗಿ ಪರದೆ ಎತ್ತಿದರೆ, ನೂಲಿಲ್ಲದ ತೊಟ್ಟುಗಳಲ್ಲೂ ಕಾಯಿ. ಬಟಾಣಿಯಷ್ಟು, ನೆಲ್ಲಿಕಾಯಿಯಷ್ಟು. ಅತ್ತೆ ಒಂದೊಂದೇ ಎಲೆ ಸರಿಸಿ ನೋಡಿ, ಕೆನ್ನೆಗೆ ಕೈ ಹಿಡಿದು ಅಲ್ಲೇ ಇಟ್ಟಿಗೆಯ ಮೇಲೆ ಕೂತರು. ನಾನು ಮಾತ್ರ ಅರಳಿದ ಹೂವುಗಳ ಕೊಳವೆಗಳನ್ನು ಒಂದೂ ಬಿಡದೆ ಪರೀಕ್ಷಿಸಿದೆ. ಕಂದು ಗುರುತು ಒಂದರ ಮೇಲೂ ಇಲ್ಲ.

"ಅತ್ತೆ, ದುಂಬಿ ಕಚ್ಚಿದ ಗುರುತೇ ಇಲ್ಲ."

"ನಮ್ಮ ಮನೆಗೆ ಬಂದ ದುಂಬಿ ಕಚ್ಚುದಿಲ್ಲ," ಎಂದರು ಅತ್ತೆ.

ಇದಕ್ಕೆ ಯಾವ ಡಿಬೇಟ್ ಕೋಚ್ ಕೂಡ ಮರುವಾದ ಕಲಿಸಿಲ್ಲ. ಆದರೂ ತರ್ಕ ನಿಲ್ಲುತ್ತದೆಯೇ? ದುಂಬಿಯಲ್ಲ, ಗುರುತಿಲ್ಲ. ಗಾಳಿಯಲ್ಲ, ಪರದೆ ಮುಚ್ಚಿಯೇ ಇತ್ತು. ಅತ್ತೆಯ ಮೇಲೆ ಅನುಮಾನ ಪಡೋಣವೆಂದರೆ ಆ ವಾರ ಅರಳಿದ ಹೂವುಗಳೇ ಹೆಚ್ಚು ಕಾಯಿ ಕಚ್ಚಿದ್ದವು, ಆ ವಾರ ಅತ್ತೆ ನಮ್ಮ ಅಡುಗೆಮನೆಯಲ್ಲಿ ನನಗೆ ದೋಸೆ ಹುಯ್ಯುತ್ತಿದ್ದರು. ನೀರು ಕುಡಿಯಲು ಒಳಗೆ ಹೋದೆ. ಹಿಂಬಾಗಿಲ ಪಕ್ಕದ ಪ್ಲಗ್ಗಿನಲ್ಲಿ ಮಾವನ ಮೀಸೆಯ ಟ್ರಿಮ್ಮರ್ ಚಾರ್ಜಿಗೆ ಇತ್ತು. ಪಕ್ಕದ ಕುರ್ಚಿಯಲ್ಲಿ ಮಾವ ಪೇಪರ್ ಓದುತ್ತಿದ್ದರು. ಮೀಸೆ ಕತ್ತರಿ ಕಾಣದೆ ತುಟಿಯ ಮೇಲೆ ಇಳಿದಿತ್ತು.

ಸಂಕ್ರಾಂತಿ ಕಳೆದ ಶುಕ್ರವಾರ ಮನೆತುಂಬ ಜನ. ದಾವಣಗೆರೆ ಅಂಕಲ್ ಎಳ್ಳುಬೆಲ್ಲ ತಂದಿದ್ದರು. ಊಟಕ್ಕೆ ಮುಂಚೆ ತೀರ್ಪು ಹೇಳು ಅಂದರು. ನನ್ನ ಮುಂದೆ ಮೂರು ಗುಳ್ಳ, ಮೂರೂ ನೂಲಿಲ್ಲದವು, ಒಂದಂತೂ ನನ್ನ ಎರಡು ಮುಷ್ಟಿಯಷ್ಟು. ಸತ್ಯ ಹೇಳಿದರೆ ಇದು ದುಂಬಿಯ ಫಲವಲ್ಲ, ಮನುಷ್ಯನ ಕೈವಾಡ. ಕೈ ತಾಗಿದ ಕಾಯಿ ಲೆಕ್ಕಕ್ಕಿಲ್ಲ ಎಂದರೆ ಅತ್ತೆ ಹಿಡಿದ ಪಂದ್ಯ ಅಲ್ಲಿಗೆ ಬಿತ್ತು, ನಾಳೆ ಕಂಬ. ಅತ್ತೆ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು, ಮುಖ ತಿರುಗಿಸಿಕೊಂಡು.

ನನ್ನನ್ನು ಉಳಿಸಿದ್ದು ನಾನೇ ಮಾಡಿದ ನಿಯಮ. ಅದರಲ್ಲಿ 'ನೂಲು ಕಟ್ಟದ ಹೂವು' ಅಂತಿತ್ತೇ ಹೊರತು 'ಯಾರೂ ಮುಟ್ಟದ ಹೂವು' ಅಂತ ಇರಲಿಲ್ಲ. "ನಿಯಮದ ಪ್ರಕಾರ ಅಂಗಳ ಅತ್ತೆಯದು. ಯಾರಿಂದ ಕಾಯಿಯಾಯಿತು ಎಂಬುದು ಈ ನ್ಯಾಯಾಲಯದ ಮುಂದಿರುವ ಪ್ರಶ್ನೆಯಲ್ಲ," ಎಂದೆ. "ದುಂಬಿಗೆ ಜೈ!" ಎಂದು ಅಂಕಲ್ ಕೂಗಿದರು. ಕತೆ ಹುಟ್ಟಿದ್ದು ಆ ಕ್ಷಣ. ಗುಳ್ಳದ ಕೊದ್ದೆಲಿಗೆ, ನಮ್ಮ ಕಡೆಯ ಹುಳಿಗೆ, ಬೆಳ್ಳುಳ್ಳಿಯ ಒಗ್ಗರಣೆ ಬಿತ್ತು, ಉಳಿದ ಮಾತು ಯಾರಿಗೂ ಬೇಕಿರಲಿಲ್ಲ.

ಮಾವ ಮೇಲ್ಮನವಿ ಹಾಕಲಿಲ್ಲ. ಒಂದು ವರ್ಷ ಕಾರಿನ ನೆರಳಿಗಾಗಿ ವಾದಿಸಿದ ಮನುಷ್ಯ, ರೆಸ್ಟೋರೆಂಟಿನಲ್ಲಿ ಚಟ್ನಿ ಕಡಿಮೆಯಾಯಿತೆಂದು ಅರ್ಧ ಗಂಟೆ ವಾದಿಸುವ ಮನುಷ್ಯ, ಎರಡನೆಯ ಸಲ ಕೊದ್ದೆಲು ಬಡಿಸಿಕೊಂಡು ಹೊರಗೆ ಹೋಗಿ ಕಂಬದವನಿಗೆ ಫೋನ್ ಮಾಡಿದರು. "ನಹೀ ಭಾಯ್, ಅಭೀ ನಹೀ. ಬೀವಿ ಕಾ ಬಗೀಚಾ ಹೈ." ಹೆಂಡತಿಯ ತೋಟ ಅಂದದ್ದು ಕೇಳಿ ನಾನು ಹಿಂದೆಯೇ ಹೋದೆ. ಬಿಸಿಲಿನಲ್ಲಿ ನಿಂತ ದೊಡ್ಡ ಗಾಡಿಗೆ ಒರಗಿ ಅವರು ಒಳಗಿನ ಗಲಾಟೆ ಕೇಳುತ್ತಿದ್ದರು. ಅತ್ತೆ ಯಾರಿಗೋ ದುಂಬಿ ಬಂದ ಬಗೆಯನ್ನು ಹೇಳುತ್ತಿದ್ದರು, ಆಗಲೇ ಅದು ಹಿಂದಿನ ಗಾಜಿನಿಂದ ಸ್ವಲ್ಪ ಮುಂದೆ ಬಂದಿತ್ತು.

"ಮಾವ, ಆ ವಾರ ತೋಟದಲ್ಲಿ ಎಂತ ಮಾಡಿದಿರಿ?"

"ನೀರು ಹಾಕಿದೆ."

"ಅದಲ್ಲ. ಟ್ರಿಮ್ಮರ್ ಚಾರ್ಜಿಗೆ ಇದ್ದದ್ದು ನೋಡಿದ್ದೇನೆ. ಗೆಲ್ಲುವ ವಾದ ನಿಮ್ಮ ಕೈಯಲ್ಲಿತ್ತು. ಸುಮ್ಮನೆ ಕೂತಿದ್ದರೂ ಗೆಲ್ಲುತ್ತಿದ್ದಿರಿ. ಸೋಲಬೇಕು ಅಂತ ನಿಮಗೆ ಯಾವಾಗ ಅನಿಸಿತು ಮಾವ?"